ರತ್ನಪಕ್ಷಿಯ ಬಾಯಲ್ಲಿ ಓತಿಕ್ಯಾತ

ಸ್ನೇಹಿತರೇ, ನೀವೇ ನ್ಯಾಯ ಹೇಳಿ. ನಿವೃತ್ತಿಯಾದ ಮೇಲೆ ಕ್ಯಾಮೆರಾ ಹಿಡಿದವಳು ನಾನು. ಅರಸೀಕೆರೆಯ ನಮ್ಮ ಹಿತ್ತಲಿಗೆ ಬರುವ ಕೆಂಬೂತದ ಒಂದು ಒಳ್ಳೆಯ ಫೋಟೊಗಾಗಿ ಬೇಸಿಗೆಯಿಡೀ ಮಂಡಿನೋವು ನುಂಗಿಕೊಂಡು ದಾಸವಾಳದ ಗಿಡದ ಹಿಂದೆ ಕೂತಿದ್ದೇನೆ. ಇವತ್ತು ಬೆಳಿಗ್ಗೆ ಸಿಕ್ಕಿತು! ಕಾಂಪೌಂಡಿನ ಮೇಲೆ ಕೆಂಬೂತ, ಕೊಕ್ಕಿನಲ್ಲಿ ಒದ್ದಾಡುವ ಓತಿಕ್ಯಾತ.

ಖುಷಿ ತಡೆಯಲಾರದೆ ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಶಿವಣ್ಣನವರಿಗೆ ತೋರಿಸಿದೆ. ಅವರು ಚಪ್ಪಲಿ ಬಿಟ್ಟು ಕ್ಯಾಮೆರಾಕ್ಕೇ ಕೈಮುಗಿದರು.

"ರತ್ನಪಕ್ಷಿ ಕಣ್ರೀ ಟೀಚರಮ್ಮ! ನೋಡಿದ್ರೇ ಒಳ್ಳೇದು. ಕಟ್ಟು ಹಾಕ್ಸಿ ಅಂಗಡೀಲಿ ಇಡ್ತೀನಿ, ಕಳ್ಸಿ." ಆಮೇಲೆ ಕನ್ನಡಕ ಏರಿಸಿದರು. "ಅಯ್ಯೋ ಶಿವನೇ, ಬಾಯಲ್ಲೇನೈತೆ?"

"ಓತಿಕ್ಯಾತ. ಅದರ ತಿಂಡಿ."

"ಮಾಂಸ ಕಚ್ಕೊಂಡಿರೋದನ್ನ ಗಲ್ಲಾಪೆಟ್ಟಿಗೆ ಮೇಲೆ ಹಾಕೋಕಾಯ್ತದಾ? ಅದನ್ನ ತೆಗೆದ್ಬಿಡಿ."

"ಅದು ಇರೋದಕ್ಕೇ ಆ ಫೋಟೊಗೆ ಬೆಲೆ, ಶಿವಣ್ಣನವರೇ!"

"ಹೋಗ್ಲಿ, ಹಂಗೇ ಕಳ್ಸಿ" ಎಂದರು. ನಂಬಿ ಕಳಿಸಿದೆ.

ಮಧ್ಯಾಹ್ನ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪು ತೆರೆದರೆ ಅದೇ ಕೆಂಬೂತ, ಅದೇ ಕೆಂಪು ಕಣ್ಣು. ಕೊಕ್ಕಿನಲ್ಲಿ ಮಾತ್ರ ಬಿಲ್ವಪತ್ರೆ! ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು. ಎದುರು ಮನೆಯವರು ಆಗಲೇ ಕೇಳಿದ್ದರು: "ಟೀಚರಮ್ಮ, ನಾಳೆ ಪತ್ರೆ ತಗೊಂಡು ಎಷ್ಟೊತ್ತಿಗೆ ಬರುತ್ತೆ ಅದು? ನಾವೂ ಬತ್ತೀವಿ."

ಮೈಯೆಲ್ಲ ಉರಿದುಹೋಯಿತು. "ಪತ್ರೆಗಲ್ಲ, ಓತಿಕ್ಯಾತಕ್ಕೆ ಬರುತ್ತೆ" ಎಂದು ಬರೆದು ಅಸಲಿ ಫೋಟೊವನ್ನೇ ಹಾಕಿದೆ.

ಗುಂಪಿನ ಅಡ್ಮಿನ್ ಶಿವಣ್ಣನವರೇ. ಮಧ್ಯಾಹ್ನ ಓತಿಕ್ಯಾತವನ್ನು ತೆಗೆದಿದ್ದರು, ಸಂಜೆಗೆ ನನ್ನನ್ನೂ ತೆಗೆದರು.