ತಂಗಿಯ ಅಳತೆಯಲ್ಲಿ ನಾನು ಹೇಳಿದ ಸುಳ್ಳು

ನನ್ನ ತಂಗಿ ಮಂಗಳ ನಾಲ್ಕು ತಿಂಗಳು ದಿನಾ ನಡೆದು ಮೈಯಳತೆಯಲ್ಲಿ ಮೂರು ಇಂಚು ಇಳಿದಿದ್ದಳು. ಒಂದು ಇಂಚೂ ಇಳಿದಿಲ್ಲವೆಂದು ನಾನು ಅವಳಿಗೆ ಹೇಳಿದೆ. ಕಣ್ಣು ತಪ್ಪಿ ಆದ ಮಾತಲ್ಲ. ನಂಜನಗೂಡಿನಲ್ಲಿ ಇಪ್ಪತ್ತು ವರ್ಷದಿಂದ ರವಿಕೆ ಹೊಲಿಯುತ್ತಿರುವವಳು ನಾನು. ಟೇಪು ಏನು ತೋರಿಸುತ್ತಿತ್ತೋ ಅದು ನನಗೆ ಸ್ಪಷ್ಟವಾಗಿ ಕಾಣಿಸುತ್ತಿತ್ತು — ಕಂಡೂ ಸುಳ್ಳು ಹೇಳಿದೆ.

ನಾಲ್ಕು ವರ್ಷದ ಹಿಂದಿನ ಮಾತು. ಮಂಗಳ ಸೋಸಲೆಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಸಕ್ಕರೆ ಕಾಯಿಲೆ ಈಗಷ್ಟೇ ಶುರುವಾಗಿದೆ, ಮೈ ಇಳಿಸಿದರೆ ಹತೋಟಿಯಲ್ಲಿರುತ್ತದೆ ಎಂದು ನರಸೀಪುರದ ಡಾಕ್ಟರು ಅವಳಿಗೆ ಹೇಳಿದ್ದರು. ನಾನೋ ದಿನವಿಡೀ ಮೆಷಿನ್ನಿನ ಮುಂದೆ ಕೂತು ಅವಳಿಗಿಂತ ದಪ್ಪಗಿದ್ದೆ. ಇಬ್ಬರೂ ಒಟ್ಟಿಗೆ ಶುರುಮಾಡೋಣ ಅಂದುಕೊಂಡೆವು. ಅವಳು ಅಲ್ಲಿ ಕಾಲುವೆ ಏರಿಯ ಮೇಲೆ, ನಾನಿಲ್ಲಿ ಕಪಿಲಾ ಹೊಳೆಯ ದಾರಿಯಲ್ಲಿ. ದಿನಾ ತೂಕ ನೋಡಿದರೆ ಮನಸ್ಸು ಕೆಡುತ್ತದೆ, ದೀಪಾವಳಿಗೆ ರವಿಕೆ ಹೊಲಿಯುವಾಗ ಒಂದೇ ಸಲ ಅಳೆಯೋಣ ಎಂದದ್ದೂ ಅವಳೇ.

ನಾನು ಮೂರನೇ ವಾರಕ್ಕೆ ನಿಲ್ಲಿಸಿದೆ. ಮೊದಲು ಮಳೆ ಅಂದೆ, ಆಮೇಲೆ ಮದುವೆ ಬಟ್ಟೆ ತುಂಬಾ ಬಂದಿದೆ ಅಂದೆ. ಅವಳು ನಿಲ್ಲಿಸಲಿಲ್ಲ. ಬೆಳಿಗ್ಗೆ ಹೋಗಲಾಗದ ದಿನ ಅಂಗನವಾಡಿ ಮುಗಿಸಿ ಸಂಜೆ ಹೋಗುತ್ತಿದ್ದಳು. ಅವಳ ಫೋನು ಬಂದರೆ ನನಗೆ — ಹೇಗೆ ಹೇಳಲಿ — ಯಾರೋ ಬೈದ ಹಾಗೆ ಆಗುತ್ತಿತ್ತು. ಅವಳು ಒಂದು ದಿನವೂ ಬೈದವಳಲ್ಲ.

ದೀಪಾವಳಿಗೆ ವಾರವಿರುವಾಗ ಚಿಕ್ಕಯ್ಯನಛತ್ರದಲ್ಲಿ ನಮ್ಮ ಸೋದರತ್ತೆಯ ಮನೆಯ ಗೃಹಪ್ರವೇಶವಿತ್ತು. ಊಟದ ಪಂಕ್ತಿಯಲ್ಲಿ ಅತ್ತೆ ಎಲ್ಲರಿಗೂ ಕೇಳುವ ಹಾಗೆ ಅಂದರು: “ಮಂಗಳನ್ ನೋಡವ್ವ, ಎಂಗ್ ಸಣ್ಣಗಾಗವ್ಳೆ. ನೀನ್ಯಾಕವ್ವ ಇಂಗೇ ಇದ್ದೀಯ?” ನಗುವವರ ಜೊತೆ ನಾನೂ ನಕ್ಕೆ. ಎಲೆಯ ಮೇಲಿನ ಒಬ್ಬಟ್ಟನ್ನು ಹಾಗೇ ಬಿಟ್ಟು ಎದ್ದೆ.

ಮರುದಿನವೇ ಮಂಗಳ ರವಿಕೆ ಕಣ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. ಕೈಯೆತ್ತಿ ಬೆನ್ನು ತಿರುಗಿಸಿ ನಿಂತಳು. ಟೇಪು ಸುತ್ತಿದೆ — ಮೂವತ್ತೊಂಬತ್ತು. ಹಿಂದೆ ನಲವತ್ತೆರಡಿತ್ತು. ಮೂರು ಇಂಚು. “ಎಷ್ಟಕ್ಕ?” ಅಂದಳು. ಆ ದನಿಯಲ್ಲಿದ್ದ ಆಸೆ ಈಗಲೂ ಕಿವಿಯಲ್ಲಿದೆ.

“ಇದ್ದಷ್ಟೇ ಇದೆ ಕಣೇ. ನಲವತ್ತೆರಡು.”

“ಮತ್ತೆ ಹಳೇ ರವಿಕೆ ಎಲ್ಲ ಯಾಕೆ ಭುಜದಿಂದ ಜಾರ್ತವೆ?”

“ಒಗ್ದೂ ಒಗ್ದೂ ಬಟ್ಟೆ ಸಡ್ಲ ಆಗಿರುತ್ತೆ.”

ಸೆರಗು ಸರಿಮಾಡಿಕೊಂಡು, “ಜನ ಬಾಯಿಗ್ ಬಂದಂಗೆ ಅಂತಾರೆ. ನೀನು ಹೇಳಿದ್ ಮೇಲೆ ಅಷ್ಟೇ ಬಿಡು” ಅಂದಳು. ನನ್ನ ಮಾತನ್ನು ಅಷ್ಟು ನಂಬಿದ್ದಳು. ನಾನು ಅಲ್ಲಿಗೂ ನಿಲ್ಲಿಸಲಿಲ್ಲ — ಹೊಸ ರವಿಕೆಯನ್ನು ನಿಜವಾದ ಅಳತೆಗಿಂತ ಅರ್ಧ ಇಂಚು ಬಿಗಿಯಾಗಿಯೇ ಹೊಲಿದೆ. ತೊಟ್ಟುಕೊಂಡಾಗ ತೋಳು ಹಿಡಿಯಿತು. ಕನ್ನಡಿಯ ಮುಂದೆ ಅವಳ ಮುಖ ಬಾಡಿದ್ದನ್ನು ನೋಡಿದೆ. ಆಗ ನನಗೆ ಸಮಾಧಾನವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಸಮಾಧಾನವೇ.

ದೀಪಾವಳಿಯಾದ ಮೇಲೆ ಅವಳು ನಡೆಯುವುದನ್ನು ಬಿಟ್ಟಳು.

ಹೇಳಿಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಅಂದುಕೊಳ್ಳುತ್ತಲೇ ಮೂರು ವರ್ಷ ಹೋಯಿತು. ಕಳೆದ ವರ್ಷ ಅವಳ ಕಾಲಿನಲ್ಲಿ ಆದ ಸಣ್ಣ ಗಾಯ ತಿಂಗಳಾದರೂ ಮಾಯಲಿಲ್ಲ. ಡಾಕ್ಟರ ಹತ್ತಿರ ಜೊತೆಗೆ ಹೋದವಳು ನಾನೇ. ಸಕ್ಕರೆ ಏರಿಬಿಟ್ಟಿತ್ತು, ಮಾತ್ರೆ ಹೆಚ್ಚಿಸಿದರು. “ಗಾಯ ವಾಸಿ ಆದ್ಮೇಲೆ ದಿನಾ ನಡೀಬೇಕಮ್ಮ. ಹಿಂದೆ ಯಾವತ್ತಾದ್ರೂ ನಡೆದಿದ್ರಾ?” ಎಂದು ನರಸೀಪುರಕ್ಕೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಕೇಳಿದರು.

“ನಡ್ದಿದ್ದೆ ಮೇಡಂ, ನಾಲ್ಕು ತಿಂಗ್ಳು. ನನ್ ಮೈಗೆ ಅದು ಹಿಡಿಯಲ್ಲ. ಒಂದಿಂಚೂ ಇಳೀಲಿಲ್ಲ” ಅಂದಳು ಮಂಗಳ.

ಪಕ್ಕದ ಕುರ್ಚಿಯಲ್ಲಿ ನಾನು ಕೂತಿದ್ದೆ. ನನ್ನ ಸುಳ್ಳು ಅವಳ ಬಾಯಲ್ಲಿ ಅವಳದೇ ಮೈಯ ಮೇಲಿನ ತೀರ್ಮಾನವಾಗಿ ಬಂದಿತ್ತು.

ನರಸೀಪುರದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಎಲ್ಲವನ್ನೂ ಹೇಳಿದೆ. ಮೂವತ್ತೊಂಬತ್ತು ಇದ್ದದ್ದು, ಅತ್ತೆಯ ಮಾತು, ಬೇಕೆಂದೇ ಬಿಗಿಯಾಗಿ ಹೊಲಿದದ್ದು. ಅವಳು ಅಳಲಿಲ್ಲ, ಜಗಳವಾಡಲಿಲ್ಲ.

“ಆಗ ಮಂಡಿನೋವು ಇರ್ನಿಲ್ಲ ಅಕ್ಕ. ಮಕ್ಳ ಜೊತೆ ನೆಲದ್ ಮೇಲೆ ಕೂತು ಎದ್ದೇಳ್ತಿದ್ದೆ. ಚೆನ್ನಾಗ್ ನಿದ್ದೆ ಬತ್ತಿತ್ತು. ನನ್ ಮೈ ನಂಗೆ ಹೇಳ್ತಾನೇ ಇತ್ತು. ನಾನು ಅದ್ರ ಮಾತು ಬಿಟ್ಟು ನಿನ್ ಮಾತು ಕೇಳ್ದೆ.” ಸೋಸಲೆಯ ಬಸ್ಸು ಬಂತು. ಹತ್ತಿ ಹೋದಳು, ತಿರುಗಿ ನೋಡಲಿಲ್ಲ.

ನಾಲ್ಕು ವಾರ ಫೋನಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಐದನೇ ವಾರ ಒಂದು ಬೆಳಿಗ್ಗೆ ಅವಳಾಗಿಯೇ ಮಾಡಿದಳು. ಏದುಸಿರು ಕೇಳಿಸುತ್ತಿತ್ತು. “ಗಾಯ ಮಾಯ್ತು. ಇವತ್ತು ಕಾಲುವೆ ಏರಿ ಮೇಲೆ ಪಂಪ್‌ಹೌಸ್‌ಗಂಟ ಓಗಿದ್ದೆ” ಎಂದಳು. ನಾನು ಏನಾದರೂ ಹೇಳುವ ಮೊದಲೇ, “ನಿನ್ ಮೇಲೆ ಕ್ವಾಪ ಇನ್ನೂ ಅದೆ” ಎಂದೂ ಸೇರಿಸಿದಳು.

ಈಗ ಅವಳು ಮೈ ಅಳೆಸಿಕೊಳ್ಳುವುದಿಲ್ಲ. ರವಿಕೆ ಹೊಲಿಸಲು ನನ್ನ ಹತ್ತಿರ ಬರುವುದೂ ಇಲ್ಲ, ನರಸೀಪುರದಲ್ಲಿ ಬೇರೆಯವರಿಗೆ ಕೊಡುತ್ತಾಳೆ. ಬಾ ಎಂದು ಕರೆಯುವ ಬಾಯಿ ನನಗಿಲ್ಲ. ಆದರೆ ನಡೆಯುತ್ತಾಳೆ, ಹತ್ತಿರ ಹತ್ತಿರ ವರ್ಷವಾಯಿತು. ಬೇಜಾರಾದ ದಿನ ಕಾಲುವೆಯ ಮೊದಲ ಮೋರಿಯವರೆಗೆ ಹೋಗಿ ಬರುತ್ತೇನೆಂದು ಹೊರಡುತ್ತಾಳಂತೆ; ಮೋರಿಗೆ ಹೋದ ಮೇಲೆ ಕಾಲು ತಾನಾಗಿ ಮುಂದೆ ಹೋಗುತ್ತದಂತೆ. ಓಣಿಯ ಇಬ್ಬರು ಹೆಂಗಸರೂ ಜೊತೆಯಾಗಿದ್ದಾರೆ. ಹೋದ ತಿಂಗಳು ಡಾಕ್ಟರು ಒಂದು ಮಾತ್ರೆ ಕಡಿಮೆ ಮಾಡಿದರು. ಅದನ್ನು ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ಜಂಬವಿತ್ತು. ಕೇಳಿ ನನಗೆ ಖುಷಿಯಾಯಿತು — ಈ ಸಲ ನಿಜವಾಗಿಯೂ.

ನಾನೂ ಹೊಳೆಯ ದಾರಿಯಲ್ಲಿ ಮತ್ತೆ ನಡೆಯುತ್ತಿದ್ದೇನೆ. ಅವಳಷ್ಟು ಗಟ್ಟಿ ಮನಸ್ಸು ನನ್ನದಲ್ಲ. ವಾರಕ್ಕೊಂದೆರಡು ದಿನ ತಪ್ಪುತ್ತದೆ. ಮನೆಗೆ ಬಂದ ಕೂಡಲೇ ಒಬ್ಬರಿಗೊಬ್ಬರು ಫೋನು ಮಾಡುತ್ತೇವೆ. ಎಷ್ಟು ದೂರ ಎಂದು ಕೇಳುವುದಿಲ್ಲ, ಹೋದೆಯಾ ಎಂದಷ್ಟೇ. ನಾನು ಮಾಡಿದ್ದು ಇದರಿಂದ ಅಳಿಸಿಹೋಗುವುದಿಲ್ಲ. ಆ ಮೂರು ವರ್ಷ ಅವಳ ಮೈ ಪಟ್ಟ ಪಾಡು ನನ್ನಿಂದಾದದ್ದೇ.

ಮೊನ್ನೆಯೂ ನಿನ್ನೆಯೂ ನಾನು ನಡೆಯುವ ಹೊತ್ತಿಗೆ ಏಳಲಿಲ್ಲ. ಎರಡು ದಿನವೂ ಫೋನು ಮಾಡಿ, ಹೋಗಲಿಲ್ಲವೆಂದೇ ಹೇಳಿದೆ. “ಸರಿ ಬುಡು, ನಾಳೆ ಓಗು” ಅಂದಳು ಮಂಗಳ.

ಇವತ್ತು ಹೋದೆ.