ಬಾಗಿಲು ಹಾಕಗೊಡದ ಚೀಫ್

ಮೊನ್ನೆ ಪಕ್ಕದ ಮನೆಯವರು ಕಬ್ಬಿಣದ ಗೇಟಿಗೆ ಬೂದು ಬಣ್ಣ ಬಳಿಸುತ್ತಿದ್ದರು. ಆ ಎಣ್ಣೆಬಣ್ಣದ ಘಾಟು ಕಿಟಕಿಯಿಂದ ಒಳಗೆ ಬಂದದ್ದೇ ತಡ, ಓದುತ್ತಿದ್ದ ಪೇಪರು ಕೈಯಲ್ಲೇ ಉಳಿಯಿತು. ಹಡಗಿನಲ್ಲಿ ಬೇರೆ ಕೆಲಸವಿಲ್ಲದ ಹೊತ್ತೆಂದರೆ ತುಕ್ಕು ಕೆರೆದು ಬಣ್ಣ ಬಳಿಯುವ ಹೊತ್ತು. ನನ್ನ ಕೈಯಿಂದ ಬ್ರಷ್ ಕಸಿದುಕೊಂಡು, ಹೀಗಲ್ಲ ಹೀಗೆ ಎಂದು ತೋರಿಸಿಕೊಟ್ಟವರು ನಮ್ಮ ಚೀಫ್…

ಚೀಫ್ ಎಂಬುದು ನೌಕಾಪಡೆಯಲ್ಲಿ ಒಂದು ಹುದ್ದೆ. ಅವರು ನಮ್ಮ ಹಡಗಿನ ಇಂಜಿನ್ ರೂಮಿನ ಹಿರಿಯರು, ಕುಷ್ಟಗಿ ಕಡೆಯವರು. ನಾನು ಅದೇ ಸೀಮೆಯ ಹಿಟ್ನಾಳದವನು. ಡ್ಯಾಮಿನ ಹಿನ್ನೀರು ಬಿಟ್ಟರೆ ದೊಡ್ಡ ನೀರನ್ನೇ ಕಂಡಿರದ ನಾನು ಮೊದಲ ಪ್ರಯಾಣದಲ್ಲಿ ವಾಂತಿ ಮಾಡಿಕೊಂಡು ಬಿದ್ದಿದ್ದೆ. ಯಾರೋ ತಲೆಯ ಹತ್ತಿರ ಕೂತು ಯಾವ ಊರೆಂದು ಕೇಳಿದರು, ಅದೂ ನಮ್ಮ ಮಾತಿನಲ್ಲಿ. ಕಣ್ಣು ಬಿಟ್ಟರೆ ಚೀಫ್. ತಮ್ಮ ಲಾಕರಿನಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ತಂದಿದ್ದರು.

"ತಿನ್ನು. ಹೊಟ್ಟಿ ಖಾಲಿ ಇದ್ರ ಇನ್ನೂ ತ್ರಾಸ ಆಕ್ಕೈತಿ" ಎಂದರು. ಅಂದಿನಿಂದ ಆ ಹಡಗಿನಲ್ಲಿ ನನಗೊಬ್ಬ ಅಣ್ಣ ಸಿಕ್ಕಂತಾಯಿತು.

ಇಂಜಿನ್ ರೂಮಿಗೆ ಬೆಂಕಿ ಬಿದ್ದದ್ದು ಒಂದು ಮಧ್ಯಾಹ್ನ. ಎಣ್ಣೆಯ ಪೈಪು ಸೀಳಿ, ಕಾದ ಕಬ್ಬಿಣದ ಮೇಲೆ ಎಣ್ಣೆ ಚಿಮ್ಮಿ ಹೊತ್ತಿಕೊಂಡಿತು. ಅಂಥ ಹೊತ್ತಿನಲ್ಲಿ ನಿಯಮ ಒಂದೇ. ಎಲ್ಲರೂ ಮೇಲೆ ಬರಬೇಕು, ಹ್ಯಾಚ್ ಎಂದು ಕರೆಯುವ ಕಬ್ಬಿಣದ ಬಾಗಿಲನ್ನು ಮುಚ್ಚಬೇಕು, ಒಳಗೆ ಗ್ಯಾಸ್ ಬಿಟ್ಟು ಬೆಂಕಿಯ ಉಸಿರು ಕಟ್ಟಿಸಬೇಕು. ಗ್ಯಾಸ್ ಬಿಟ್ಟ ಮೇಲೆ ಒಳಗೆ ಉಳಿದ ಮನುಷ್ಯನ ಉಸಿರೂ ಅಷ್ಟೇ.

ನಾನು ತೀರ ಕೆಳಗೆ, ಪಂಪಿನ ಹಿಂದೆ ಇದ್ದೆ. ಹೊಗೆಯಲ್ಲಿ ಏಣಿ ಎಲ್ಲಿದೆ ಎಂದು ತಿಳಿಯದೆ ಗೋಡೆ ತಡವುತ್ತ ಹೋದೆ. ಅಂತೂ ಏಣಿಯ ಬುಡ ಕೈಗೆ ಸಿಕ್ಕಿತು. ಹತ್ತಲು ಕಾಲಲ್ಲಿ ಬಲವಿರಲಿಲ್ಲ, ಕೂಗಲು ದನಿ ಇರಲಿಲ್ಲ. ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನದಿಂದ ಏಣಿಗೆ ಬಡಿಯತೊಡಗಿದೆ. ಗ್ಯಾಸ್ ಬಿಟ್ಟರೋ, ಬಿಡುತ್ತಾರೋ, ಇದೇ ಕೊನೆಯೋ… ಬಡಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಆಮೇಲೆ ಮೇಲಿನಿಂದ ಬೆಳಕು ಬಿತ್ತು. ಒಂದು ಕೈ ನನ್ನ ಅಂಗಿಯ ಕೊರಳಪಟ್ಟಿ ಹಿಡಿದು ಎಳೆಯಿತು.

ಕಣ್ಣು ಬಿಟ್ಟಾಗ ಡೆಕ್ ಮೇಲಿದ್ದೆ. ಆರ್ಡರ್ ಬಂದರೂ ಚೀಫ್ ನಿನಗಾಗಿ ಹ್ಯಾಚ್ ಮುಚ್ಚಲಿಲ್ಲ ಎಂದು ಯಾರೋ ಹೇಳಿದರು. ನಾನು ನಂಬಿದೆ.

ಪೆನ್ಶನ್ ಆದ ಮೇಲೆ ನಮ್ಮ ಜಿಲ್ಲೆಯ ನಾಲ್ಕಾರು ಮಂದಿ ನೇವಿಯವರು ತಿಂಗಳಿಗೊಮ್ಮೆ ಸೇರತೊಡಗಿದೆವು. ಕುಷ್ಟಗಿಯಿಂದ ಚೀಫ್ ಬರುತ್ತಿದ್ದರು, ಯಲಬುರ್ಗಾದಿಂದ ಒಬ್ಬ ಬರುತ್ತಿದ್ದ. ನಮ್ಮದೇ ಹಡಗಿನಲ್ಲಿ ಅಡುಗೆಯವನಾಗಿದ್ದ ಗೆಳೆಯ ಶ್ರೀರಾಮನಗರದಿಂದ ಬರುತ್ತಿದ್ದ. ಅವನು ಬಂದರೆ ಯಾರ ಮನೆಯೇ ಆಗಲಿ ಒಲೆ ಅವನದೇ. ಬಂದರುಗಳ ಮಾತು, ಬಿರುಗಾಳಿಯ ಮಾತು, ತಟ್ಟೆ ಜಾರಿ ಸಾರು ಮೈಮೇಲೆ ಚೆಲ್ಲಿಕೊಂಡವರ ಮಾತು. ಸಮುದ್ರವೇ ಇಲ್ಲದ ಊರಿನಲ್ಲಿ ಇವನ್ನೆಲ್ಲ ಬೇರೆ ಯಾರು ಕೇಳಬೇಕು? ನಾನಂತೂ ಪ್ರತಿ ಸಲ ಬೆಂಕಿಯ ಕತೆ ತೆಗೆದು, ಚೀಫ್ ಹ್ಯಾಚ್ ಮುಚ್ಚಲಿಲ್ಲ ಎಂದು ಹೊಗಳುತ್ತಿದ್ದೆ. ಅವರು ನೆಲ ನೋಡುತ್ತಿದ್ದರು, ಇಲ್ಲವೇ ನೀರಿನ ನೆಪ ಹೇಳಿ ಎದ್ದು ಹೋಗುತ್ತಿದ್ದರು. ದೊಡ್ಡ ಮನುಷ್ಯ, ಹೊಗಳಿಕೆಗೆ ನಾಚುತ್ತಾರೆ ಎಂದುಕೊಂಡಿದ್ದೆ.

ಅವರ ಮನೆಯಲ್ಲಿ ಒಂದು ವಿಚಿತ್ರವಿತ್ತು. ಯಾವ ಬಾಗಿಲನ್ನೂ ಹಾಕಗೊಡುತ್ತಿರಲಿಲ್ಲ. ನಾಯಿ ನುಗ್ಗುತ್ತಿತ್ತು, ಒಮ್ಮೆ ತಾಮ್ರದ ಕೊಡವೇ ಕಳುವಾಯಿತು. ಚೀಫ್ ನನಗೆ ಅಣ್ಣನಾದ್ದರಿಂದ ಅವರ ಹೆಂಡತಿಯನ್ನು ವೈನಿ ಎನ್ನುತ್ತಿದ್ದೆ. ವೈನಿ ಬೈದೂ ಬೈದೂ ಸೋತು, ಕೊನೆಗೆ ತಮ್ಮ ಹಾಸಿಗೆಯನ್ನೇ ಹೊಸ್ತಿಲಿಗೆ ಅಡ್ಡ ಹಾಸಿಕೊಳ್ಳತೊಡಗಿದ್ದರು. ಕಾರಣ ಕೇಳಿದರೆ ಚೀಫ್ ಬಾಯಿ ಬಿಡುತ್ತಿರಲಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ಅವರಿಗೆ ಉಸಿರಾಟದ ತೊಂದರೆ ಹೆಚ್ಚಾಗಿ ಕೊಪ್ಪಳದ ಆಸ್ಪತ್ರೆಗೆ ತಂದರು. ಐಸಿಯುವಿನ ಬಾಗಿಲು ಮುಚ್ಚಿದ್ದೇ ಮಾಸ್ಕ್ ಕಿತ್ತೆಸೆದು ಏಳಲು ನೋಡಿದರು. ನರ್ಸ್ ಹೊರಗೋಡಿ ಬಂದು ಹೇಳಿದರು. ಮುಚ್ಚದೆ ಬಿಡುವಂತಿಲ್ಲ ಎಂದರು ಡಾಕ್ಟರ್. ಒಂದು ಗೇಣು ತೆರೆದಿರಲಿ, ನಾವೇ ಹಿಡಿದು ನಿಲ್ಲುತ್ತೇವೆ ಎಂದು ಕೈಮುಗಿದೆ. ಹಾಗೆ ಮಾಡಿದೊಡನೆ ಚೀಫ್ ಸುಮ್ಮನಾದದ್ದನ್ನು ಕಂಡು ಡಾಕ್ಟರೂ ಒಪ್ಪಿದರು. ಹಡಗಿನಲ್ಲಿ ಪಾಳಿ ಹಂಚಿಕೊಂಡಂತೆ ಹಂಚಿಕೊಂಡು, ಮುದುಕರು ನಾವು ಸರದಿಯಲ್ಲಿ ಆ ಬಾಗಿಲಿಗೆ ಭುಜ ಕೊಟ್ಟು ನಿಂತೆವು. ಒಳಗಿನ ಯಂತ್ರದ ಸಪ್ಪಳ ಸ್ವಲ್ಪ ಬದಲಾದರೂ ಎಲ್ಲರೂ ಒಮ್ಮೆಲೇ ಇಣುಕುತ್ತಿದ್ದೆವು.

ಎರಡನೆಯ ದಿನ ವೈನಿ ನನ್ನ ಹತ್ತಿರ ಬಂದು ನಿಂತರು.

"ಈ ಬಾಗಿಲಾ ಹುಚ್ಚು ಎಲ್ಲಿಂದ ಹತ್ತೇತ್ರಿ ಇವರಿಗೆ? ನಿಮಗ ಗೊತ್ತೈತಿ. ನೀವರ ಹೇಳ್ರಿ."

ನಮ್ಮ ಹಡಗಿನ ಮಾತಿಗೆ ಎಂದೂ ಬಂದು ಕೂತವರಲ್ಲ ಅವರು. ಹೇಳಿದೆ. ಬೆಂಕಿ, ಹ್ಯಾಚ್, ನನಗಾಗಿ ಅದನ್ನು ಅವರು ಮುಚ್ಚದೆ ನಿಂತದ್ದು, ಎಲ್ಲವನ್ನೂ. ವೈನಿ ನನ್ನನ್ನು ಸರಿಸಿ, ಬಾಗಿಲನ್ನು ತಾವೇ ಹಿಡಿದು ನಿಂತರು.

ಚೀಫ್ ಉಳಿಯಲಿಲ್ಲ. ಶ್ರೀರಾಮನಗರದ ಗೆಳೆಯ ಬಾಗಿಲಲ್ಲಿ ನಿಂತಿದ್ದಾಗ, ಬೆಳಗಿನ ಹೊತ್ತು, ಹೋದರು.

ಹೋದ ತಿಂಗಳು ಆ ಗೆಳೆಯನ ಮನೆಗೆ ಹೋಗಿದ್ದೆ. ಊಟವಾಗಿ ಕಾಲುವೆಯ ಏರಿಯ ಮೇಲೆ ಕೂತಿದ್ದೆವು. ನಾನು ಎಂದಿನಂತೆ ಹ್ಯಾಚಿನ ಮಾತು ತೆಗೆದೆ. ಅವನು ನನ್ನ ಮುಖ ನೋಡದೆ ಹೇಳಿದ:

"ಚೀಫ್ ಹ್ಯಾಚ್ ಹಾಕಿದ್ರು. ನಾ ಅಲ್ಲೇ ನಿಂತಿದ್ದೆ. ಆರ್ಡರ್ ಬಂತು, ಹಾಕಿ ಬಿಗಿ ಮಾಡಿದ್ರು. ಆಮ್ಯಾಲ ಕೆಳಗ ನಿನ್ನ ಸಪ್ಪಳಾ ಕೇಳಿಸ್ತು. ಗ್ಯಾಸ್ ಬಿಡಬ್ಯಾಡ್ರಿ ಅಂತ ಚೀರಿ, ತಾವ ತಗದ್ರು. ನಾ ಇರೋ ತನಕ ಅವಗ ಹೇಳಬ್ಯಾಡ ಅಂತ ನನ್ನ ಕಡೆ ಆಣಿ ಮಾಡಿಸ್ಕೊಂಡಿದ್ರು."

ಬಡಿಯುವುದನ್ನು ನಾನು ನಿಲ್ಲಿಸಿದ್ದರೆ… ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಬೇರೆ. ಪ್ರತಿ ತಿಂಗಳೂ ಎಲ್ಲರ ಮುಂದೆ ನಾನು ಆ ಕತೆ ಹೇಳುವಾಗ, ಇವತ್ತು ಇವನಿಗೆ ನಿಜ ತಿಳಿದೀತೇ ಎಂದು ಅವರ ಜೀವ ಎಷ್ಟು ಹಾರಿರಬೇಕು?

ಕಳೆದ ವಾರ ಕುಷ್ಟಗಿಗೆ ಹೋಗಿ ವೈನಿಯನ್ನು ಕಂಡು ಬಂದೆ. ಅಜ್ಜ ಹ್ಯಾಚ್ ಮುಚ್ಚದೆ ನಿಂತ ಕತೆಯನ್ನು ಅವರು ಮೊಮ್ಮಕ್ಕಳಿಗೆ ಹೇಳುತ್ತಿದ್ದರು, ಹೌದಲ್ಲವೇ ಎಂಬಂತೆ ನನ್ನ ಕಡೆ ನೋಡುತ್ತಿದ್ದರು. ನಾನು ತಲೆಯಾಡಿಸಿದೆ. ಅದು ಸರಿಯೋ ತಪ್ಪೋ ಈಗಲೂ ತಿಳಿಯುತ್ತಿಲ್ಲ.

ಚೀಫ್‌ಗೇ ಹೇಳಬೇಕಿದ್ದ ಮಾತು ಬೇರೆ ಇದೆ. ಬೆಂಕಿ ಮೇಲೆ ಬಂದಿದ್ದರೆ ಹಡಗಿನಲ್ಲಿದ್ದವರೆಲ್ಲ ಹೋಗುತ್ತಿದ್ದೆವು. ಆ ಜಾಗದಲ್ಲಿ ನಾನಿದ್ದರೂ ಮುಚ್ಚುತ್ತಿದ್ದೆ. ನೀವು ಮುಚ್ಚಿದ್ದು ಸರಿ ಇತ್ತು ಚೀಫ್ ಎಂದು ಒಂದು ಮಾತು ಹೇಳಿಬರಲು ಕುಷ್ಟಗಿ ದೂರವೇನಲ್ಲ, ಒಂದು ಬಸ್ಸಿನ ದಾರಿ. ಅವರಿದ್ದಾಗ ನನಗೆ ನಿಜ ತಿಳಿದಿರಲಿಲ್ಲ. ತಿಳಿದಾಗ ಅವರಿಲ್ಲ.