ವೀರಣ್ಣ ಮಾವನ ರಸಮಟ್ಟ

ನಮ್ಮ ವೀರಣ್ಣ ಮಾವ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ನೆಲವನ್ನು. ಮನೆಯವರ ಮುಖ ಆಮೇಲೆ. ಚಪ್ಪಲಿ ಬಿಟ್ಟು ಒಳಗೆ ಬಂದು, ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹಾಕಿ, “ಬಚ್ಚಲ ಕಡೆ ಇಳೀಬೇಕಿತ್ತು, ದೇವರ ಮನೆ ಕಡೆ ಇಳಿದದೆ” ಎಂದು ತೀರ್ಪು ಕೊಟ್ಟ ಮೇಲೆಯೇ ಕುರ್ಚಿಯಲ್ಲಿ ಕೂರುವುದು. ನಾವು ದೊಮ್ಮಲೂರಿನಲ್ಲಿ ಫ್ಲ್ಯಾಟು ಕೊಂಡ ಹೊಸತರಲ್ಲಿ ಬಂದವರು, ನನ್ನ ಗಂಡನ ಎದುರಿಗೇ ಜೇಬಿನಿಂದ ಒಂದು ಗೋಲಿ ತೆಗೆದು ಹಾಲ್‌ನ ನೆಲದ ಮೇಲೆ ಬಿಟ್ಟರು. ಅದು ತನ್ನಷ್ಟಕ್ಕೆ ಉರುಳಿಕೊಂಡು ಹೋಗಿ ಫ್ರಿಜ್ಜಿನ ಕೆಳಗೆ ಸೇರಿತು. ಆ ಫ್ಲ್ಯಾಟಿನ ಮೇಲೆ ನನ್ನ ಗಂಡನಿಗಿದ್ದ ಹೆಮ್ಮೆಯೂ ಅದರ ಹಿಂದೆಯೇ ಹೋಯಿತು.

ಮಾವ ನನ್ನ ತಾಯಿಯ ತಮ್ಮ. ದಾವಣಗೆರೆ ಕಡೆಯಿಂದ ಹರೆಯದಲ್ಲೇ ಬಂದು ಕಾಕ್ಸ್ ಟೌನಿನಲ್ಲಿ ನೆಲೆ ನಿಂತವರು. ಕಸುಬು ಟೈಲ್ಸ್ ಮೇಸ್ತ್ರಿ. ಅಲ್ಲಿಯ ಹಳೇ ಬಂಗಲೆಗಳು ಒಂದೊಂದಾಗಿ ನೆಲಕ್ಕುರುಳಿ ಫ್ಲ್ಯಾಟುಗಳೆದ್ದಾಗ ಎಷ್ಟೋ ಮನೆಗಳ ನೆಲ ಹಾಸಿದ್ದು ಇವರೇ. ಕೂಲಿಯವರ ಹತ್ತಿರ ತಮಿಳು, ಮಾರ್ಬಲ್ ಅಂಗಡಿಯವರ ಹತ್ತಿರ ಶಿವಾಜಿನಗರದ ಉರ್ದು, ಬೈಯುವಾಗ ಮಾತ್ರ ಅಚ್ಚ ದಾವಣಗೆರೆ ಕನ್ನಡ. ಕೈಯಲ್ಲಿ ಸದಾ ಒಂದು ರಸಮಟ್ಟ. ಮೊಳದುದ್ದದ ಆ ಪಟ್ಟಿಯ ನಡುವೆ ಗಾಜಿನ ಕೊಳವೆ, ಕೊಳವೆಯೊಳಗೆ ಹಸಿರು ನೀರು, ನೀರಿನಲ್ಲೊಂದು ಗುಳ್ಳೆ. ಗುಳ್ಳೆ ನಡುವೆ ನಿಂತರೆ ನೆಲ ಮಟ್ಟ, ಒಂದು ಕಡೆ ಸರಿದರೆ ಅದರ ಎದುರು ಕಡೆ ತಗ್ಗು. ಮಾವನ ವೇದಾಂತವೆಲ್ಲ ಇಷ್ಟೇ. “ಗುಳ್ಳೆ ನಡುವೆ ನಿಂತರೆ ನಿದ್ದಿ ತಾನಾಗೇ ಬರ್ತದೆ ಕಣವ್ವಾ. ನಿದ್ದಿ ಬರದವರ ಮನೇಗೆ ಹೋಗಿ ನೋಡು, ಎಲ್ಲಾ ಸೊಟ್ಟ.”

ಇದನ್ನು ಅವರು ಎಷ್ಟು ಜೋರಾಗಿ ಹೇಳುತ್ತಿದ್ದರೋ ಅವರ ಹೆಂಡತಿ ಗಿರಿಜತ್ತೆ ಅಷ್ಟೇ ಮೆಲ್ಲಗೆ ನಗುತ್ತಿದ್ದರು. ಏಕೆಂದರೆ ನಿದ್ದೆ ಬಾರದ ಆಸಾಮಿ ಮಾವನ ಮನೆಯಲ್ಲೇ ಇತ್ತು, ಅದು ಸ್ವತಃ ಗಿರಿಜತ್ತೆ. ಮಂಡಿನೋವು ಶುರುವಾದ ಮೇಲಂತೂ ಮೂರನೇ ಮಹಡಿಯಿಂದ ಇಳಿಯುವುದೇ ಅಪರೂಪವಾಗಿ, ಹಗಲೂ ಇರುಳೂ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದರು. ರೈತರ ಮನೆಯ ಮಗಳು. “ಅಪ್ಪನ ಕಣದಲ್ಲಿ ಜೋಳ ಕಾಯೋಕೆ ಮಲಗ್ತಿದ್ವಲ್ಲ, ಆ ನಿದ್ದೆ ಆಮೇಲೆ ಬರಲೇ ಇಲ್ಲ ಬಿಡು” ಎಂದು ವರ್ಷಕ್ಕೆ ಹತ್ತು ಸಲವಾದರೂ ಹೇಳುವರು. ಗುಳ್ಳೆ ನಡುವೆ ನಿಲ್ಲಿಸುವುದರಲ್ಲೇ ಆಯುಷ್ಯ ಸವೆಸಿದ ಮನುಷ್ಯನಿಗೆ ಈ ಮಾತು ಎಲ್ಲಿ ಚುಚ್ಚುತ್ತಿತ್ತು ಎಂದು ನಾನು ಹೇಳಬೇಕಿಲ್ಲ.

ಕೆಲಸ ಬಿಟ್ಟು ಮನೆಯಲ್ಲಿ ಕೂತ ವರ್ಷ ಮಾವ ಮೊಬೈಲಿನಲ್ಲಿ ವಿಡಿಯೊ ನೋಡುವುದನ್ನು ಕಲಿತರು. ಯಾವುದೋ ದೇಶದ ಜನ ಬಸ್ಸಿನಷ್ಟು ದೊಡ್ಡ ಗಾಡಿಯಲ್ಲಿ ಒಲೆ, ಹಾಸಿಗೆ, ಕಕ್ಕಸು ಎಲ್ಲ ಇಟ್ಟುಕೊಂಡು ಹೊಲದ ಬದಿಯಲ್ಲಿ ಸಂಸಾರ ಸಮೇತ ಬೀಡುಬಿಡುವುದನ್ನು ಕಂಡಿದ್ದೇ ತಡ, ಹದಿನೈದು ದಿನದಲ್ಲಿ ಮನೆ ಮುಂದೆ ಒಂದು ಹಳೇ ಶಾಲಾ ವ್ಯಾನು ಬಂದು ನಿಂತಿತು. “ಗಾಡಿಮನೆ” ಎಂದು ಹೆಸರಿಟ್ಟರು. ಬಣ್ಣ ಇನ್ನೂ ಹಳದಿಯೇ ಇದ್ದುದರಿಂದ ಮೂರು ಜನ ತಾಯಂದಿರು ಬಂದು, ಎಲ್‌ಕೆಜಿ ಮಕ್ಕಳನ್ನು ಎಷ್ಟು ಗಂಟೆಗೆ ಕರೆದುಕೊಂಡು ಹೋಗುತ್ತೀರಿ ಎಂದು ವಿಚಾರಿಸಿದರಂತೆ.

ಗಾಡಿಮನೆಗೆ ಮಾವ ಮಾಡಿದ ಮೊದಲ ಕೆಲಸ ಏನೆಂದು ಊಹಿಸಿ. ನೆಲಕ್ಕೆ ಟೈಲ್ಸ್ ಹಾಕಿಸಿದರು! ಅಲ್ಲ, ತಾವೇ ಮಂಡಿಯೂರಿ ಹಾಕಿದರು. ಸಿಮೆಂಟು ಕಲಸಿ, ದಾರ ಹಿಡಿದು, ಅಂಚಿಗೆ ಕಪ್ಪು ಪಟ್ಟಿ ಬೇರೆ. ನೋಡಲು ಮದುವೆ ಛತ್ರದ ಹಾಗಿತ್ತು. ನಾನು, “ಮಾವ, ಇದು ಓಡೋ ಗಾಡಿ” ಅಂದೆ. “ಓಡಲಿ, ಯಾರ್ ಬ್ಯಾಡಂದ್ರು?” ಅಂದರು. ಬಾಣಸವಾಡಿ ಕಡೆಗೆ ಹೊರಟ ಮೊದಲ ಸವಾರಿಯಲ್ಲಿ ರಸ್ತೆಯ ನಾಲ್ಕನೇ ಉಬ್ಬಿಗೆ ಮೊದಲ ಟೈಲು ಸೀಳಿತು, ವಾಪಸು ಬರುವಷ್ಟರಲ್ಲಿ ಹಪ್ಪಳದ ಡಬ್ಬಿ ಎತ್ತಿಹಾಕಿದಂತಾಗಿತ್ತು. ಎಲ್ಲ ಕಿತ್ತು ಪ್ಲಾಸ್ಟಿಕ್ ಹಾಸು ಹಾಕಿದ ದಿನ ಮಾವ ಊಟ ಮಾಡಲಿಲ್ಲ. “ನನ್ನ ಕೈಯಾರೆ ಪ್ಲಾಸ್ಟಿಕ್ ಹಾಸಿದೆನಲ್ಲೇ ಗಿರಿಜಾ” ಎಂದು ಗೋಡೆ ಕಡೆ ತಿರುಗಿ ಮಲಗಿದರು.

ಆದರೆ ಅತ್ತೆಯ ಮಂಡಿಗೆಂದು ಬಾಗಿಲಿಗೆ ತಗ್ಗಾದ ಮೂರು ಮೆಟ್ಟಿಲು, ಹಿಡಿದುಕೊಳ್ಳಲು ಸ್ಟೀಲು ಕಂಬಿ, ಕೂತು ಏಳಲು ಎತ್ತರದ ಕಕ್ಕಸು, ಕಿಟಕಿ ಪಕ್ಕಕ್ಕೆ ಅಗಲವಾದ ಮಂಚ ಎಲ್ಲ ಮಾಡಿಸಿದ್ದರು. ಆಕೆ ಮಾತ್ರ ಜಪ್ಪಯ್ಯ ಅಂದರೂ ಹತ್ತಲಿಲ್ಲ. “ಮನೆ ಬಿಟ್ಟು ಟಿಫನ್ ಡಬ್ಬೀಲಿ ಯಾರು ಮಲಗ್ತಾರೆ?” ಎಂಬುದು ಆಕೆಯ ವಾದ. ಮಾವ ನನ್ನನ್ನೂ ನನ್ನ ಮಕ್ಕಳನ್ನೂ ಕರೆದುಕೊಂಡು ಹೊಸಕೋಟೆ, ಮಾಲೂರು ಕಡೆಯ ಹೊಲಗಳಿಗೆ ನಾಲ್ಕಾರು ಸಲ ಹೋಗಿ ಬಂದರು. ಹೊಲದವರ ಅಪ್ಪಣೆ ಕೇಳದೆ ಚಕ್ರ ಇಳಿಸುವವರಲ್ಲ. ಬೇಕರಿಯ ಒಂದು ಡಬ್ಬ ದಿಲ್‌ಪಸಂದ್ ಕೊಟ್ಟು, ಕೈ ಮುಗಿದು, ಆಮೇಲೆ ಬೀಡು. ಗಾಡಿ ನಿಂತ ಕೂಡಲೇ ಒಳಗೆ ಅಂಗಾತ ಮಲಗಿ ಕಣ್ಣು ಮುಚ್ಚುವರು. “ಎಡಗಡೆ ಇಳಿದದೆ” ಎನ್ನುವರು. ರಸಮಟ್ಟ ಇಟ್ಟು ನೋಡಿದರೆ ನಿಜವಾಗಿಯೂ ಇಳಿದಿರುತ್ತಿತ್ತು. ಚಕ್ರದ ಕೆಳಗೆ ಹಲಗೆ ಇಟ್ಟು ಗುಳ್ಳೆ ನಡುವೆ ಬರುವ ತನಕ ನಮಗಾರಿಗೂ ಕಾಫಿ ಇಲ್ಲ. ಇಷ್ಟೆಲ್ಲ ಆಗಿ, ಖಾಲಿ ಮಂಚ ನೋಡಿದಾಗ ಮಾತ್ರ ಅವರ ಮುಖ ಇಷ್ಟಗಲ ಅರಳುವ ಬದಲು ಇಷ್ಟೇ ಇಷ್ಟಾಗುತ್ತಿತ್ತು.

ಕೊನೆಗೆ ಒಂದು ಸುಗ್ಗಿಯಲ್ಲಿ, ನನ್ನ ಮಕ್ಕಳು ಹಟ ಹಿಡಿದದ್ದಕ್ಕೆ, ಅತ್ತೆ “ಒಂದೇ ಒಂದು ಸಲ” ಎಂದು ಒಪ್ಪಿದರು. ಮಧ್ಯಾಹ್ನವೇ ಹೊರಟೆವು. ಕೆ.ಆರ್. ಪುರದ ಸೇತುವೆಯ ಟ್ರಾಫಿಕ್ಕು ನಮ್ಮನ್ನು ಬಿಡಬೇಕಲ್ಲ! ಮಾಲೂರಿನ ಆಚೆ ತಲುಪುವಾಗ ಮಬ್ಬುಗತ್ತಲು. ಅಪ್ಪಣೆ ಕೇಳೋಣವೆಂದರೆ ಹತ್ತಿರದಲ್ಲಿ ನರಪಿಳ್ಳೆ ಇಲ್ಲ. ಅಷ್ಟರಲ್ಲಿ ಮಾವನಿಗೆ ಒಂದು ಜಾಗ ಸಿಕ್ಕಿತು. ಗಾಡಿ ನಿಲ್ಲಿಸಿ, ರಸಮಟ್ಟ ಇಟ್ಟು, “ಗಿರಿಜಾ, ನೋಡಿಲ್ಲಿ! ಹಲಗೆನೇ ಬೇಕಿಲ್ಲ! ಗುಳ್ಳೆ ಅಲ್ಲಾಡಂಗಿಲ್ಲ!” ಎಂದು ಕುಣಿದಾಡಿಬಿಟ್ಟರು. ಅತ್ತೆ ಕೆಳಗಿಳಿಯಲೂ ಇಲ್ಲ, ಮಲಗಲೂ ಇಲ್ಲ. ಬೆಳಗಿನವರೆಗೂ ಸ್ಟೀಲು ಕಂಬಿ ಹಿಡಿದು ಬಸ್ಸಿನಲ್ಲಿ ಕೂತಂತೆ ಕೂತಿದ್ದರು.

ಬೆಳಕು ಹರಿಯುತ್ತಲೇ ಹೊರಗೆ ಕೂಗು. “ಯಾವನಪ್ಪಾ ಅದು? ಕಣ್ಣು ಕಾಣಾಕಿಲ್ವಾ? ನೆನ್ನೆ ತಾನೇ ಸಾರ್ಸಿದ ಕಣ ಅಲ್ವಾ ಇದು!”

ನಾವು ನಿಂತಿದ್ದದ್ದು ರಾಗಿ ಒಕ್ಕಲು ಹದಮಾಡಿ, ಸಗಣಿ ಬಗ್ಗಡ ಸಾರಿಸಿ, ಒಣಗಲು ಬಿಟ್ಟ ಕಣದ ನಟ್ಟನಡುವೆ. ಚಕ್ರದ ಗುರುತು ಎರಡೂ ಕಡೆ ಗೇಣಗಲ. ಕೂಗುತ್ತಿದ್ದಾಕೆ ಹೊಲದೊಡತಿ ಮುನಿಯಮ್ಮ, ಕೈಯಲ್ಲಿ ಪೊರಕೆ. ಮಾವ ತಡವರಿಸುತ್ತ, “ಈಗ ಎಲ್ಲಾರೂ ಟಾರು ರೋಡಲ್ಲೇ ಒಕ್ತಾರಲ್ಲಮ್ಮಾ, ಕಣ ಅಂತ ಗೊತ್ತಾಗ್ಲಿಲ್ಲ” ಅಂದರು. “ರೋಡಲ್ಲಿ ಒಕ್ಕಿ ಕಲ್ಲು ತಿನ್ನೋಕೆ ನಮಗೇನು ಹಲ್ಲು ಹೆಚ್ಚಾಗೈತಾ?” ಅಂದಳು ಆಕೆ. ಅಲ್ಲಿಗಾದರೂ ಕಾಲಿಗೆ ಬೀಳುವುದು ಬಿಟ್ಟು ನಮ್ಮ ಮಾವ ಕೇಳಿದ್ದೇನು ಗೊತ್ತೇ? “ಅದಿರಲಿ, ಈ ನೆಲ ಮಾಡಿದ ಮೇಸ್ತ್ರಿ ಯಾರು?”

“ಯಾವ ಮೇಸ್ತ್ರಿ? ನಾನೇ.”

ಮಾವ ರಸಮಟ್ಟವನ್ನು ಎರಡೂ ಕೈಯಲ್ಲಿ ಹಿಡಿದು ಆಕೆಗೆ ನಮಸ್ಕಾರ ಮಾಡಿದರು. ಅಣಕವಲ್ಲ, ಮನಸಾರೆ ಮಾಡಿದ್ದು.

ಅಷ್ಟರಲ್ಲಿ ಗಿರಿಜತ್ತೆ ಮೂರು ಮೆಟ್ಟಿಲು ಇಳಿದು ಬಂದಿದ್ದರು. ಅವರು ಬೈದದ್ದರ ಮುಂದೆ ಮುನಿಯಮ್ಮ ಬೈದದ್ದು ಏನೂ ಅಲ್ಲ. “ಕಣದ ಮೇಲೆ ಚಪ್ಪಲಿ ಹಾಕ್ಕೊಂಡು ಬಂದವರನ್ನ ನಮ್ಮಪ್ಪ ಅಟ್ಟಾಡಿಸ್ಕೊಂಡು ಹೊಡೀತಿದ್ರು, ನೀವು ಲಾರಿ ತಂದಿದೀರಲ್ರೀ!” ಎಂದು ಗಂಡನ ಚಳಿ ಬಿಡಿಸಿದರು. ಸೆರಗು ಸಿಕ್ಕಿಸಿಕೊಂಡು ಪೊರಕೆಗೆ ಕೈ ಚಾಚಿದರು. ಮಾವ ನೀರು ಹೊತ್ತರು, ನಾನೂ ಮಕ್ಕಳೂ ಮಣ್ಣು ತುಳಿದೆವು. ಅತ್ತೆ ಒಂದು ಗಳಿಗೆ ನಿಂತು ಸಾರಿಸುವರು, ಒಂದು ಗಳಿಗೆ ಮೆಟ್ಟಿಲ ಮೇಲೆ ಕೂತು ಹುಕುಂ ಕೊಡುವರು. ಸಂಜೆ ಮುನಿಯಮ್ಮ ನಮ್ಮನ್ನು ಬಿಡದೆ ಮುದ್ದೆ ಉಣ್ಣಿಸಿದಳು. ಆ ರಾತ್ರಿ ಅತ್ತೆ ಕಣದ ಪಕ್ಕ ಹುಲ್ಲಿನ ಮೇಲೆ ಚಾಪೆ ಹಾಕಿಸಿಕೊಂಡು ಹೊತ್ತು ನೆತ್ತಿಗೇರುವ ತನಕ ಗೊರಕೆ ಹೊಡೆದರು. ಅವರಿಗೆಂದೇ ಮಾಡಿದ ಮಂಚದಲ್ಲಿ ಮಾವ ಒಬ್ಬರೇ ಮಲಗಿದ್ದರು.

“ಇಷ್ಟೆಲ್ಲಾ ಮಾಡಿದ್ದು ಯಾರಿಗೆ ಅಂತ, ಹುಲ್ಲಿನ ಮ್ಯಾಲೆ ನಿದ್ದಿ ಮಾಡ್ತಾಳೆ ನೋಡು” ಎಂದು ನನ್ನ ಹತ್ತಿರ ಗೊಣಗಿದರು. ಆಮೇಲೆ ತಾವೇ ನಕ್ಕು, “ಹೋಗ್ಲಿ ಬಿಡು, ನಿದ್ದಿ ಬಂತಲ್ಲ” ಅಂದರು. ಆಮೇಲೆ ಪ್ರತಿ ಸುಗ್ಗಿಗೂ ಮುನಿಯಮ್ಮನ ಹೊಲಕ್ಕೇ ಹೋದೆವು. ಪ್ರತಿ ಸಲವೂ ಅತ್ತೆ ಚಾಪೆಯ ಮೇಲೆ, ಮಾವ ಮಂಚದ ಮೇಲೆ. ಒಂದು ದಿನಕ್ಕೂ ಆಕೆ ಆ ಮಂಚಕ್ಕೆ ಬೆನ್ನು ಹಚ್ಚಲಿಲ್ಲ.

ಹೋದ ವರ್ಷ ಮಾವ ಹೋಗಿಬಿಟ್ಟರು. ಎದೆ ನೋವೆಂದು ಬೆಳಿಗ್ಗೆ ಆಸ್ಪತ್ರೆಗೆ ಸೇರಿದವರು, ನಾನು ನೋಡಲು ಹೋದಾಗ, “ಇವರ ಮಂಚ ತಲೆ ಕಡೆ ತಗ್ಗು” ಎಂದು ನರ್ಸಿನ ಮೇಲೆ ದೂರು ಹೇಳಿದ್ದೇ ನನ್ನೊಡನೆ ಆಡಿದ ಕಡೇ ಮಾತು. ನಾನು ನಕ್ಕು ಬಂದುಬಿಟ್ಟೆ. ಇನ್ನೊಂದು ಗಳಿಗೆ ಕೂತಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ಈಗಲೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಗಾಡಿಮನೆ ಕಾಕ್ಸ್ ಟೌನಿನ ಆ ರಸ್ತೆಯಲ್ಲೇ ಧೂಳು ಕುಡಿಯುತ್ತ ನಿಂತಿತು. ಅಕ್ಕಪಕ್ಕದವರಿಗೆ ಅಡ್ಡ. ಗುಜರಿಯವನೊಬ್ಬ ಒಯ್ಯುತ್ತೇನೆಂದ. ಅತ್ತೆಯನ್ನು ಕೇಳಲು ಮೊನ್ನೆ ಭಾನುವಾರ ಮಧ್ಯಾಹ್ನ ಹೋದರೆ ಮೂರನೇ ಮಹಡಿಯಲ್ಲಿ ಬೀಗ. ಕೆಳಗೆ ಓಡಿ ಬಂದು ನೋಡಿದರೆ ಗಾಡಿಯ ಬಾಗಿಲು ಓರೆ ತೆರೆದಿದೆ. ಒಳಗೆ ಕಿಟಕಿ ಪಕ್ಕದ ಮಂಚದಲ್ಲಿ, ಮಾವನ ಹೊದಿಕೆ ಹೊದ್ದು, ಬಾಯಿ ತೆರೆದು, ಅತ್ತೆ ಗಾಢ ನಿದ್ದೆಯಲ್ಲಿದ್ದರು.

ಮುಟ್ಟಿದೊಡನೆ ಎಚ್ಚರಾದರು. ಕದ್ದು ಸಿಕ್ಕಿಬಿದ್ದವರಂತೆ ಸೆರಗು ಸರಿಮಾಡಿಕೊಂಡರು.

“ಮಂಡಿ ಹಿಡ್ಕೊಂಡು ದಿನಾ ಇಳಿದು ಬರ್ತೀನಿ ಕಣೇ. ಎಂಥಾ ನಿದ್ದೆ ಬರುತ್ತೆ ಅಂತೀಯಾ! ಇದನ್ನ ಅವರಿದ್ದಾಗ ಮಲಗಿ ನೋಡಿ ಹೇಳಿದ್ರೆ ತಲೆ ಮೇಲೆ ಕೂತ್ಕೋತಿದ್ರು.” ಮಾವನ ಹೊದಿಕೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. “ಒಂದು ಸಲ ಹೇಳ್ಬೇಕಿತ್ತು. ಕೂತ್ಕೊಂಡಿದ್ರೆ ಕೂತ್ಕೊಳ್ಳಿ, ಹೇಳ್ಬೇಕಿತ್ತು.”

ನನಗೆ ಅಳು ತಡೆಯಲಾಗಲಿಲ್ಲ. ಗುಜರಿಯವನ ನಂಬರನ್ನು ಅಲ್ಲೇ ಮೊಬೈಲಿನಿಂದ ಅಳಿಸಿಹಾಕಿದೆ.

ಅತ್ತೆ ಮತ್ತೆ ಕಾಲು ಚಾಚಿ, ಅಂಗಾತ ಮಲಗಿ ಕಣ್ಣು ಮುಚ್ಚಿದರು.

“ಹಲಗೆ ಇದ್ರೆ ನೋಡು. ಎಡಗಡೆ ಇಳಿದಿದೆ.”

ಮಂಚದ ಕೆಳಗಿದ್ದ ರಸಮಟ್ಟವನ್ನು ತೆಗೆದು, ಧೂಳು ಒರೆಸಿ, ನೆಲದ ಮೇಲಿಟ್ಟೆ. ಗುಳ್ಳೆ ಬಲಕ್ಕೆ, ಕೂದಲೆಳೆಯಷ್ಟು, ಸರಿದು ನಿಂತಿತ್ತು.